ಮೇಸ್ತ್ರಿಯ ಕಣ್ಣಳತೆ ಮತ್ತು ಐದು ಮುದ್ದೆ

ನನ್ನ ಹೆಂಡತಿ ಸಾವಿತ್ರಿ ಕೊನೆಯ ಸಲ ನನಗೆ ಮುದ್ದೆ ಬಡಿಸಿದ ದಿನ ನಾನು ಅವಳ ಮೇಲೆ ಒಂದು ಗಂಭೀರ ಆರೋಪ ಹೊರಿಸಿದೆ. ಮುದ್ದೆ ಚಿಕ್ಕದಾಗಿದೆ ಎಂಬುದೇ ಆ ಆರೋಪ.

ನಾನು ಗಾರೆ ಮೇಸ್ತ್ರಿ. ನಮ್ಮ ಮಧುರೆ ಹೋಬಳಿಯ ಸುತ್ತಮುತ್ತ ಮೂವತ್ತು ವರ್ಷದಿಂದ ಗೋಡೆ ಎತ್ತಿದ್ದೇನೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವ ಮೊದಲೇ ಗೋಡೆ ಯಾವ ಕಡೆಗೆ ಎಷ್ಟು ವಾಲಿದೆ ಎಂದು ಹೇಳಬಲ್ಲೆ. ಇಂಥ ಕಣ್ಣಿಗೆ ಒಂದು ಮುದ್ದೆಯ ಅಳತೆ ಯಾವ ಲೆಕ್ಕ?

ಅಂದು ದೊಡ್ಡಬಳ್ಳಾಪುರದ ಸಂತೆಯಿಂದ ನಾನೇ ಒಂದು ಅಗಲವಾದ ಸ್ಟೀಲ್ ತಟ್ಟೆ ತಂದಿದ್ದೆ. ಅವಳು ಅದರಲ್ಲೇ ಬಡಿಸಿದಳು.

"ಏನೇ ಇದು? ಮನೇಲಿ ರಾಗಿ ಖಾಲಿ ಆಯ್ತಾ?" ಎಂದೆ.

ಅವಳು ತನ್ನ ಹಳೆಯ ಪುಟ್ಟ ತಟ್ಟೆಯನ್ನು ಪಕ್ಕಕ್ಕೆ ತಂದಿಟ್ಟಳು. ಅದರಲ್ಲೊಂದು ಮುದ್ದೆ ಅಂಚು ಮುಟ್ಟುವಂತೆ ಕೂತಿತ್ತು.

"ಯಾವ್ದು ದೊಡ್ಡದು ಹೇಳಿ."

"ನಿಂದೇ. ಕಣ್ಣಿಗೆ ಕಾಣಲ್ವಾ?"

"ಸರಿ. ಒಂದೊಂದು ಕೈಲಿ ಒಂದೊಂದು ತಗೊಳ್ಳಿ."

ಎರಡೂ ಕೈ ಚಾಚಿದೆ. ಮುದ್ದೆ ಮುಟ್ಟುವ ಮೊದಲೇ ಅವಳು ನನ್ನ ಎರಡೂ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ನೋಡಿದರೆ ಮುದ್ದೆ ಹಿಡಿಯಲು ಎರಡು ಕೈಯ ಬೆರಳೂ ಒಂದೇ ಅಗಲಕ್ಕೆ ತೆರೆದಿದ್ದವು.

"ನೋಡಿ, ಮೇಸ್ತ್ರಿ ಕಣ್ಣು ಸುಳ್ಳು ಹೇಳ್ತೈತೆ, ಮೇಸ್ತ್ರಿ ಕೈ ನಿಜ ಹೇಳ್ತೈತೆ" ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಾನು ಸೋಲೊಪ್ಪಲಿಲ್ಲ. ತಟ್ಟೆ ಬದಲಾಯಿಸಿಕೊಂಡು ಅವಳ ಪಾಲಿನ 'ದೊಡ್ಡ' ಮುದ್ದೆ ಉಂಡೆ. ಹೊಟ್ಟೆ ತುಂಬಿತು ಎಂದು ತೇಗಿಯೂ ತೋರಿಸಿದೆ.

ಮರುದಿನ ಬೆಳಗ್ಗೆ ಅವಳು ಎದೆ ನೋಯುತ್ತಿದೆ ಎಂದಳು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಮೊದಲ ವರ್ಷದ ಹಿರಿಯರ ಹಬ್ಬ ಬಂತು. ಅವಳಿಗೆ ಎಡೆ ಇಡಬೇಕು. ಅವಳ ಅಕ್ಕ ಜಯಮ್ಮ ಕುಂದಾಣದಿಂದ ಫೋನ್ ಮಾಡಿ, "ಮುದ್ದೆ ನಾನೇ ಬಂದು ಕಟ್ತೀನಿ, ನೀನು ಸುಮ್ನೆ ಕೂತ್ಕೊಳಪ್ಪಾ" ಎಂದರು. ನಾನು ಒಪ್ಪಲಿಲ್ಲ. ಮದುವೆಯಾದಾಗಿನಿಂದ ಅವಳು ಕಟ್ಟಿದ್ದನ್ನೇ ಉಂಡವನು ನಾನು. ನನ್ನ ಕೈಯಾರೆ ಒಂದು ಮುದ್ದೆ ಅವಳಿಗೆ ಯಾವತ್ತೂ ಬಡಿಸಿರಲಿಲ್ಲ. ಈಗಲಾದರೂ ಬಡಿಸಬೇಕಿತ್ತು.

ಬೇಕಾದದ್ದು ಐದೇ ಮುದ್ದೆ: ಅವಳ ಎಲೆಗೊಂದು, ಜಯಮ್ಮನವರಿಗೊಂದು, ಅವರ ಗಂಡ ಅಂದರೆ ನನ್ನ ಷಡ್ಡಕ ಮುನಿಯಪ್ಪನಿಗೊಂದು, ಮಗಳು ರೇಖಾಳಿಗೊಂದು, ನನಗೊಂದು. ಸಾರು ಮಗಳದು. ಮುದ್ದೆಗಳು ಮಾತ್ರ ಎಳ್ಳಷ್ಟೂ ಹೆಚ್ಚುಕಡಿಮೆ ಆಗಬಾರದು. ನಮ್ಮ ಮುನಿಯಪ್ಪ ಮದುವೆ ಮನೆಯಲ್ಲೇ ತನ್ನ ಮುದ್ದೆ ಚಿಕ್ಕದೆಂದು ಎದ್ದುಹೋದ ಮಹಾನುಭಾವ.

ರಾಗಿ ಹಿಟ್ಟು ಸಿಮೆಂಟಿಗಿಂತ ಹದವಾಗಿ ಕೂಡಿಬಂತು. ಐದು ಮುದ್ದೆ ಕಟ್ಟಿ ತಟ್ಟೆಗಳಿಗೆ ಇಟ್ಟೆ. ಮುನಿಯಪ್ಪನಿಗೆ ಗೌರವಕ್ಕೆಂದು ಅಗಲವಾದ ತಟ್ಟೆ ಕೊಟ್ಟಿದ್ದೆ. ಅವನ ಮುದ್ದೆ ಸಣ್ಣದಾಗಿ ಕಂಡಿತು. ನನ್ನದರಿಂದ ಒಂದು ಚೂರು ಕಿತ್ತು ಅದಕ್ಕೆ ಮೆತ್ತಿದೆ. ಈಗ ಜಯಮ್ಮನವರದು ಬಡವಾಯಿತು. ಮಗಳದರಿಂದ ಕಿತ್ತು ಅದಕ್ಕೆ ಮೆತ್ತಿದೆ.

ಆಮೇಲೆ ಎಲೆ ನೋಡಿದೆ. ಅಷ್ಟುದ್ದದ ಬಾಳೆಲೆಯ ನಡುವೆ ಸಾವಿತ್ರಿಯ ಮುದ್ದೆ ನಿಂಬೆಹಣ್ಣಿನಂತೆ ಕೂತಿತ್ತು!

ಎಲ್ಲರ ಮುದ್ದೆಯಿಂದಲೂ ಕಿತ್ತು ಅವಳದಕ್ಕೆ ಸೇರಿಸಿದೆ. ಸುತ್ತ ದೊಡ್ಡ ದೊಡ್ಡ ಬಟ್ಟಲಲ್ಲಿ ಸಾರು, ಪಲ್ಯ, ಪಾಯಸ ಇಟ್ಟೆ. ಬಟ್ಟಲುಗಳ ನಡುವೆ ಮುದ್ದೆ ಮತ್ತೆ ಕುಗ್ಗಿತು. ಮತ್ತೊಂದು ಪಾತ್ರೆ ಎಸರಿಟ್ಟೆ.

ಜಯಮ್ಮ ದಂಪತಿ ಒಳಗೆ ಬರುವ ಹೊತ್ತಿಗೆ ಎಲೆಯ ಮೇಲಿದ್ದದ್ದು ಮುದ್ದೆಯಲ್ಲ, ಸಣ್ಣ ಕುಂಬಳಕಾಯಿ. ಬಿಸಿಗೆ ಅದು ಮೆಲ್ಲಗೆ ಒಂದು ಪಕ್ಕಕ್ಕೆ ವಾಲತೊಡಗಿತ್ತು. ಮೂವತ್ತು ವರ್ಷದಲ್ಲಿ ನಾನು ಕಟ್ಟಿದ್ದರಲ್ಲಿ ವಾಲಿದ್ದು ಇದೊಂದೇ. ಎಲ್ಲರೂ ನೋಡುತ್ತಿದ್ದಂತೆ ಅದು ಉರುಳಿ ಪಾಯಸದ ಬಟ್ಟಲನ್ನು ಬುಡಮೇಲು ಮಾಡಿತು.

ಮುನಿಯಪ್ಪ ಕೆಳಗೆ ಬಗ್ಗಿ ನೋಡಿ, "ಏನಪ್ಪಾ ಮೇಸ್ತ್ರಿ, ತಳಪಾಯ ಹಾಕ್ಲಿಲ್ವಾ?" ಎಂದ.

"ನನ್ ತಂಗಿ ಒಂದು ವಾರಕ್ಕೂ ಇಷ್ಟು ಉಂಡೋಳಲ್ಲ ಕಣಪ್ಪಾ" ಎಂದು ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಸರಿ, ಏಳು. ನಾನು ಕಟ್ತೀನಿ."

"ಬೇಡ ಜಯಕ್ಕ. ಇನ್ನೊಂದು ಸಲ ನೋಡ್ತೀನಿ. ಇದೊಂದು ನಾನೇ ಮಾಡ್ಬೇಕು."

ಅವರು ನನ್ನ ಮುಖ ನೋಡಿ ಒಲೆಯ ಪಕ್ಕದಿಂದ ಸರಿದರು. ನನಗೆ ಸಾವಿತ್ರಿ ಪಕ್ಕಪಕ್ಕ ಇಟ್ಟಿದ್ದ ಆ ಎರಡು ತಟ್ಟೆ ನೆನಪಾಯಿತು. ಹೊಸದಾಗಿ ಹಿಟ್ಟು ತೊಳಸಿ, ಹೆಗಲ ಮೇಲಿನ ಟವೆಲನ್ನು ಮಗಳ ಕೈಗೆ ಕೊಟ್ಟು ಕಣ್ಣು ಕಟ್ಟಲು ಹೇಳಿದೆ.

"ಅಪ್ಪಾ, ಒಲೆ ಮುಂದೆ ಇದೇನು ಆಟ?"

"ಕಟ್ಟೇ. ನಿಮ್ಮಮ್ಮ ಹೇಳ್ಕೊಟ್ಟಿದ್ದು."

ಕಣ್ಣು ಕಟ್ಟಿಸಿಕೊಂಡು, ಕೈ ಒದ್ದೆ ಮಾಡಿಕೊಂಡು ಹಿಟ್ಟಿಗೆ ಕೈಯಿಟ್ಟೆ. ದಿನಾ ಮಧ್ಯಾಹ್ನ ಅವಳ ಮುದ್ದೆ ಹಿಡಿದ ಬೆರಳುಗಳು ಅವು. ಎಷ್ಟಕ್ಕೆ ನಿಲ್ಲಬೇಕೆಂದು ಅವಕ್ಕೆ ಗೊತ್ತಿತ್ತು. ಒಂದಾದ ಮೇಲೊಂದು ಐದು ಮುದ್ದೆ ಕಟ್ಟಿದೆ. ಮುನಿಯಪ್ಪ ಅನುಮಾನದಿಂದ ಒಂದೊಂದನ್ನೂ ಎತ್ತಿ ನೋಡಿ ತೀರ್ಪು ಕೊಟ್ಟ: "ಒಂದೇ ಸಮ ಐತೆ ಕಣಯ್ಯ."

ಟವೆಲ್ ಬಿಚ್ಚಿದೆ. ಎಲೆಯ ಮೇಲೆ ಅವಳದು ಮತ್ತೆ ನಿಂಬೆಹಣ್ಣು. ನನ್ನ ಕೈ ತಾನಾಗಿ ಹಿಟ್ಟಿನ ಪಾತ್ರೆಗೆ ಹೋಯಿತು. ಜಯಮ್ಮ ಆ ಕೈ ಹಿಡಿದುಕೊಂಡರು.

"ಬಿಡಪ್ಪಾ. ಅವಳ ಹೊಟ್ಟೆ ಅಷ್ಟೇ. ನಂಗೊತ್ತು."

ಎಡೆಗೆ ಕೈಮುಗಿದು ಊಟಕ್ಕೆ ಕೂತೆವು. ಮುನಿಯಪ್ಪ ತನ್ನ ಅಗಲವಾದ ತಟ್ಟೆಯನ್ನೂ ನನ್ನದನ್ನೂ ಎರಡು ಸಲ ನೋಡಿ, ಮೆಲ್ಲಗೆ ತಟ್ಟೆ ಬದಲಾಯಿಸಿಕೊಂಡ. ತಾನೇ ಎತ್ತಿ ನೋಡಿದ್ದ ಮುದ್ದೆ ಅದು! ಆ ವಿದ್ಯೆಯಲ್ಲಿ ನಾನು ಅವನಿಗಿಂತ ಹಿರಿಯ.

ಈಗ ದಿನಾ ಮಧ್ಯಾಹ್ನ ನಾನೇ ಮುದ್ದೆ ಕಟ್ಟುತ್ತೇನೆ. ಕಣ್ಣು ಮುಚ್ಚಿಯೇ ಕಟ್ಟುತ್ತೇನೆ, ಅಳತೆ ತಪ್ಪುವುದಿಲ್ಲ. ಕಣ್ಣು ತೆರೆದರೆ ದೊಡ್ಡ ತಟ್ಟೆಯಲ್ಲಿ ಅದು ಇಂದಿಗೂ ಚಿಕ್ಕದಾಗಿಯೇ ಕಾಣುತ್ತದೆ. ನಿಜ ಗೊತ್ತಿದ್ದೂ ಮೋಸ ಹೋಗುವ ಕಣ್ಣನ್ನು ನಂಬಿ ಜನ ಇನ್ನೂ ನನ್ನಿಂದ ಗೋಡೆ ಕಟ್ಟಿಸುತ್ತಿದ್ದಾರೆ, ಪಾಪ.

ಬದಲಾಯಿಸಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ತಟ್ಟೆ ಮಾತ್ರ ಇಲ್ಲ.