ಡೆನಿ ಟೂಮಿ ಮುಂದಿದ್ದ ದಿನ

ಡೆನಿ ಟೂಮಿಯ ನಾಲ್ಕು ವರ್ಷದ ಗುಟ್ಟು ರಟ್ಟಾಗಿದ್ದು ಬಟ್ಟೆ ಒಗೆಯುವ ತೊಟ್ಟಿಯಲ್ಲಿ.

ಆಗೆಲ್ಲ ನಮ್ಮ ಕೆರ್ರಿ ಸೀಮೆಯಲ್ಲಿ ಪ್ರತಿ ಜೂನ್‌ನಲ್ಲಿ ಸೈಕಲ್ ಕ್ಲಬ್ಬುಗಳ ನಾಲ್ಕು ದಿನದ ಪಂದ್ಯ ನಡೆಯುತ್ತಿತ್ತು. ದಿನಕ್ಕೊಂದು ಊರಿಂದ ಇನ್ನೊಂದು ಊರಿಗೆ ಓಟ. ಆಯಾ ದಿನ ಗೆದ್ದವನಿಗೆ ಒಂದು ಚಿಕ್ಕ ಬೆಳ್ಳಿ ಲೋಟ, ನಾಲ್ಕೂ ದಿನ ಸೇರಿಸಿ ಗೆದ್ದವನಿಗೆ ದೊಡ್ಡದು. ಓಡಿಸುವವರು ಬಡಗಿಗಳು, ರೈತರು, ಒಬ್ಬ ಪೊಲೀಸು, ಇಬ್ಬರು ರೊಟ್ಟಿ ಸುಡುವವರು. ನಮ್ಮೂರು ನಾಕ್‌ಬೀಗಿನಿಂದ ಹೋಗುತ್ತಿದ್ದವನು ಡೇರಿಯಲ್ಲಿ ಹಾಲು ಅಳೆಯುವ ಡೆನಿ ಒಬ್ಬನೇ. ಪೇಪರಿನವರು ಮೊದಲ ಹತ್ತು ಹೆಸರು ಮಾತ್ರ ಹಾಕುತ್ತಿದ್ದರು. ಡೆನಿ ಪ್ರತಿ ವರ್ಷ ಮನೆಗೆ ಬಂದು, "ಸ್ವಲ್ಪದರಲ್ಲಿ ತಪ್ಪಿಹೋಯ್ತು ಕಣೇ, ಹನ್ನೊಂದನೆಯವನು ನಾನೇ" ಎನ್ನುತ್ತಿದ್ದ. ಊರೂ ನಂಬಿತ್ತು.

ಆ ವರ್ಷ ಮೂರನೆಯ ದಿನದ ಓಟ ನಮ್ಮೂರಿಂದ ಹತ್ತೇ ಮೈಲಿ ದೂರದಲ್ಲಿ ಮುಗಿದಿದ್ದರಿಂದ ಡೆನಿ ಮಲಗಲು ಮನೆಗೇ ಬಂದಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿ ಬ್ರೀಡಾ ಒಗೆದ ಅಂಗಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಡೆನಿ, ನಾಲ್ಕು ವರ್ಷದಿಂದ ಈ ಅಂಗಿ ಒಗೀತಿದ್ದೀನಿ. ಎದೆ ಮೇಲೆಲ್ಲ ಸಗಣಿ. ಬೆನ್ನು ಮಾತ್ರ ಚೊಕ್ಕ. ಮುಂದೆ ಹೋಗೋನ ಎದೆಗೆ ಯಾರ ಚಕ್ರದ ಸಗಣಿ ಹಾರುತ್ತೆ?"

ಡೆನಿ ಚಹಾದ ಲೋಟದೊಳಗೆ ಮುಖ ಇಟ್ಟ.

"ಹನ್ನೊಂದನೆಯವನ ಅಂಗಿ ಹಿಂಗಿರಲ್ಲ. ಎಷ್ಟು ಜನ ಓಡಿಸ್ತೀರಿ?"

"ಅರವತ್ತು."

"ನೀನು?"

"ಐವತ್ತು... ಚಿಲ್ಲರೆ."

ಬ್ರೀಡಾ ಕಿರುಚಾಡಲಿಲ್ಲ. ಕಿರುಚಾಡಿದ್ದರೆ ಡೆನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಇವತ್ತು ನಮ್ಮೂರ ಮೇಲೇ ಹೋಗ್ತೀರಲ್ಲ. ಒಂದೇ ಒಂದು ಸಲ ನೀನು ಮುಂದಿರೋದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ಲ ಅಂದ್ರೆ ನಾಳೆಯಿಂದ ಆ ಸೈಕಲ್ ಕೋಳಿಗೂಡಿನ ಸೂರಿಗೆ ನೇತಾಡುತ್ತೆ" ಎಂದು ಅಂಗಿಯನ್ನು ಅವನ ತೊಡೆಯ ಮೇಲೆ ಹಾಕಿದಳು.

ಆ ಸೈಕಲ್ ಡೆನಿಯ ಪ್ರಾಣ. ನೀಲಿ ಬಣ್ಣದ್ದು. ಭಾನುವಾರ ಪೂಜೆ ಮುಗಿದ ಮೇಲೆ ಅದನ್ನು ಒರೆಸುತ್ತ ಕೂತರೆ ಊಟದ ಹೊತ್ತೂ ಮರೆಯುತ್ತಿದ್ದ. ಐದು ದಿನ ಪರರ ಹಾಲು ಅಳೆದವನಿಗೆ ಆರನೆಯ ದಿನ ಬೆಟ್ಟದ ದಾರಿಯ ಗಾಳಿ ಬೇಕಿತ್ತು, ಅಷ್ಟೆ. ಗೆಲ್ಲುವುದು ಅವನ ತಲೆಯಲ್ಲಿ ಎಂದೂ ಇರಲಿಲ್ಲ.

ದಾರಿ ಇದ್ದದ್ದು ಒಂದೇ. ಸೈಕಲ್ ಓಡಿಸುವವರಲ್ಲಿ ಒಂದು ಹಳೆಯ ಪದ್ಧತಿ ಉಂಟು: ಪಂದ್ಯ ಯಾವನಾದರೂ ಒಬ್ಬ ಸವಾರನ ಸ್ವಂತ ಊರಿಗೆ ಬಂದಾಗ, ಅವನು ಕೇಳಿಕೊಂಡರೆ ಗುಂಪು ನಿಧಾನ ಮಾಡಿ ಅವನೊಬ್ಬನನ್ನು ಮುಂದೆ ಬಿಡುತ್ತದೆ. ಅವನು ಮನೆಯವರನ್ನು ಮಾತಾಡಿಸಿ, ಊರಾಚೆ ಗುಂಪಿಗಾಗಿ ಕಾದು ಮತ್ತೆ ಸೇರಿಕೊಳ್ಳಬೇಕು. ಕಾಯದೆ ಓಡಿಹೋದವನ ಜೊತೆ ಆಮೇಲೆ ಯಾರೂ ನೀರು ಕೂಡ ಹಂಚಿಕೊಳ್ಳುವುದಿಲ್ಲ.

ಮೂರು ದಿನದಿಂದ ಎಲ್ಲರಿಗಿಂತ ಮುಂದಿದ್ದವನು ಡಬ್ಲಿನ್ನಿನ ಕ್ಲಾನ್ಸಿ. ಅವತ್ತಿನ ಓಟದ ನಡುವೆ ಡೆನಿ ಏದುಸಿರು ಬಿಡುತ್ತ ಅವನ ಪಕ್ಕ ಹೋಗಿ ವಿಷಯ ಹೇಳಿದ.

"ಕೋಳಿಗೂಡಿಗಾ?" ಕ್ಲಾನ್ಸಿ ನಕ್ಕ. "ಹೋಗಪ್ಪ, ಹೋಗು. ನಾಲ್ಕು ನಿಮಿಷ ಕೊಟ್ಟಿದ್ದೀವಿ. ಎಲ್ಲಿ ಕಾಯ್ತೀಯ?"

"ಊರಾಚೆ ಕಲ್ಲುಸೇತುವೆ ಮೇಲೆ. ದೇವರಾಣೆಗೂ."

ಹೀಗೆ ಡೆನಿ ಟೂಮಿ ತನ್ನ ಜನ್ಮದಲ್ಲಿ ಮೊದಲ ಸಲ, ಎದುರಿಗೆ ಒಂದು ಚಕ್ರವೂ ಇಲ್ಲದ ರಸ್ತೆಯಲ್ಲಿ ನಾಕ್‌ಬೀಗನ್ನು ಹೊಕ್ಕ. ಚರ್ಚಿನ ಮೂಲೆಯಲ್ಲಿ ನಾವೆಲ್ಲ ನಿಂತಿದ್ದೆವು. ಅವನನ್ನು ಕಂಡು ಎದ್ದ ಗದ್ದಲಕ್ಕೆ ಗೋರಿಗಳ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಬ್ರೀಡಾ ಅಡುಗೆಯ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಡೆನಿ ಸೈಕಲ್ ಇಳಿದು ಅವಳನ್ನು ತಬ್ಬಿಕೊಂಡ. ಇನ್ನೂ ಮೂರು ನಿಮಿಷ ಕೈಯಲ್ಲಿತ್ತಲ್ಲ, ಒಂದು ಲೋಟ ಚಹಾ ಕುಡಿಯುವ ಆಸೆಯೂ ಇತ್ತು.

"ಏನಯ್ಯಾ ನಿಂತಿದ್ದೀಯ? ಹೆಂಡತೀನ ಯಾವಾಗ ಬೇಕಾದ್ರೂ ತಬ್ಬಿಕೋಬಹುದು, ಸೈಕಲ್ ಹತ್ತು ಮೊದಲು!" ಎಂದು ಕೂಗಿದವನು ದರ್ಜಿ ಥೇಡಿ. ಆ ಮೂಲೆಯಲ್ಲಿ ಬಾವುಟ ಹಿಡಿದು ದಾರಿ ತೋರಿಸುವ ಕೆಲಸವನ್ನು ಕ್ಲಬ್ಬಿನವರು ಅವನಿಗೆ ಕೊಟ್ಟಿದ್ದರು.

"ಇರಲಿ ಥೇಡಿ, ಆತುರ ಏನಿಲ್ಲ..."

"ಆತುರ ಇಲ್ವಂತೆ! ಕೇಳಿದ್ರಾ ಫಾದರ್?"

ಫಾದರ್ ಅವನ ತಲೆಯ ಮೇಲೆ ತೀರ್ಥ ಎರಚಿದರು. ಹತ್ತಾರು ಕೈಗಳು ಅವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಇಳಿಜಾರಿನತ್ತ ದೂಡಿಯೇಬಿಟ್ಟವು.

ಡೆನಿ ತಿರುವಿನಲ್ಲಿ ಮರೆಯಾದ ಮೇಲೆ ಬ್ರೀಡಾ ಕಣ್ಣೊರೆಸಿಕೊಂಡಳು. ಅವಳ ಮುಖ ಬೇರೆಯೇ ಆಗಿತ್ತು. "ಥೇಡಿ, ಅವರು ಬಂದರೆ ಜೌಗು ದಾರಿ ತೋರ್ಸು."

"ಅಯ್ಯೋ! ಮೋಸ ಆಗಲ್ವಾ?"

"ನಾಲ್ಕು ವರ್ಷ ಅವರ ಸಗಣಿ ಒಗೆದೋಳು ನಾನು. ಆ ಗುಂಡಿಗಳಲ್ಲಿ ಒಂದು ಹತ್ತು ನಿಮಿಷ ಒದ್ದಾಡಲಿ."

ಥೇಡಿ ಫಾದರ್ ಮುಖ ನೋಡಿದ. ಫಾದರ್ ಆಕಾಶ ನೋಡಿದರು. ಗುಂಪು ಬಂದಾಗ ಬಾವುಟ ಬಲಕ್ಕೆ ಬೀಸಿತು. ಐವತ್ತೊಂಬತ್ತು ಸೈಕಲ್ಲುಗಳು ಜೌಗು ದಾರಿಗೆ ಇಳಿದವು. ತಡೆಯಬೇಕಾಗಿದ್ದ ತೀರ್ಪುಗಾರ ಕಲಟಿ ಮೇಷ್ಟ್ರ ಕಾರು ಹಿಂದಿನ ಊರಿನಲ್ಲಿ ಹೊಗೆ ಉಗುಳುತ್ತ ನಿಂತಿತ್ತು.

ನಾವು ಮರೆತದ್ದು ಒಂದು. ಓಟ ಮುಗಿಯುವ ಟ್ರಲೀಗೆ ಮುಖ್ಯ ರಸ್ತೆ ಕೆರೆ ಸುತ್ತಿಕೊಂಡು ಹದಿಮೂರು ಮೈಲಿ. ಜೌಗು ದಾರಿ ಏಳೇ ಮೈಲಿ. ಮಳೆ ಬಂದರೆ ಆ ದಾರಿ ಎತ್ತಿನ ಗಾಡಿಯನ್ನೂ ನುಂಗುತ್ತದೆ, ನಿಜ. ಆದರೆ ಆ ವರ್ಷ ಮೂರು ವಾರದಿಂದ ಮಳೆಯಿರಲಿಲ್ಲ. ನಮ್ಮ ಸೀಮೆಯಲ್ಲಿ ಅಂಥದ್ದು ಯಾರಿಗೂ ಅಭ್ಯಾಸವಿಲ್ಲ.

ಡೆನಿ ಸೇತುವೆಯ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದ. ಕೆಳಗೆ ನೀರು ಹರಿಯುತ್ತಿತ್ತು. ಬ್ರೀಡಾಳನ್ನು ಮದುವೆಗೆ ಕೇಳಿದ್ದೂ ಅದೇ ಕಟ್ಟೆಯ ಮೇಲೆ; ಅವತ್ತಿಗಿಂತ ಇವತ್ತೇ ಅವಳು ಹೆಚ್ಚು ಸಂತೋಷವಾಗಿದ್ದಳು ಅನ್ನಿಸಿತು ಅವನಿಗೆ. ಐದು ನಿಮಿಷವಾಯಿತು. ಹತ್ತಾಯಿತು. ಜೇಬಿನ ರೊಟ್ಟಿ ಖಾಲಿಯಾಯಿತು. ಇಪ್ಪತ್ತು ನಿಮಿಷಕ್ಕೆ ಡೇರಿ ಗಾಡಿಯ ಮುದುಕ ಜೆರ್ ಎದುರಿನಿಂದ ಬಂದ.

"ಇಲ್ಲೇನ್ ಮಾಡ್ತಿದ್ದೀಯೋ ಡೆನಿ? ನಿನ್ನ ಕಡೆಯವರೆಲ್ಲ ಜೌಗಿನ ಆಚೆ ಹೋಗ್ತಿದ್ರಲ್ಲ. ಇಷ್ಟೊತ್ತಿಗೆ ಟ್ರಲೀ ಸೇರಿರ್ತಾರೆ!"

ಮುಖ್ಯ ರಸ್ತೆಯಲ್ಲಿ ಹೋದರೆ ಎಲ್ಲ ಮುಗಿದುಹೋದೀತು ಅನ್ನಿಸಿತು ಡೆನಿಗೆ. ಸೈಕಲ್ಲನ್ನು ಹೆಗಲಿಗೇರಿಸಿ, ಗೋಡೆ ಹಾರಿ, ಉರುವಲಿಗೆ ಕರಿಮಣ್ಣು ಕಡಿಯುವವರ ಕಾಲುದಾರಿ ಹಿಡಿದು ಜೌಗಿನತ್ತ ಓಡಿದ. ಮೂರು ವಾರದ ಬಿಸಿಲಿಗೂ ಒಣಗದ ಹೊಂಡ ಇಡೀ ಜೌಗಿನಲ್ಲಿ ಇದ್ದದ್ದು ಒಂದೇ ಒಂದು. ಅದರಲ್ಲಿ ಬಿದ್ದ.

ಟ್ರಲೀಯಲ್ಲಿ ಗಲಾಟೆ ಹತ್ತಿತ್ತು. ನಾವು ಜೆರ್‌ನನ್ನೂ ಕೂರಿಸಿಕೊಂಡು ಡೇರಿಯ ಲಾರಿಯಲ್ಲಿ ಜೌಗು ದಾರಿಯಲ್ಲೇ ಹೊರಟು, ಡೆನಿಗೆ ಹಾಕಲು ಹೂಮಾಲೆಯನ್ನೂ ಹಿಡಿದು ಬಂದಿಳಿದಾಗ, ಯಾರದೋ ಕಾರು ಹಿಡಿದು ಬಂದಿದ್ದ ಕಲಟಿ ಮೇಷ್ಟ್ರು ಸವಾರರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊಣಕಾಲು ಪರೀಕ್ಷೆ ಮಾಡುತ್ತಿದ್ದರು. ಎಲ್ಲರ ಕಾಲ ಮೇಲೂ ಜೌಗಿನ ಕರಿ ಧೂಳು.

"ಮುಖ್ಯ ರಸ್ತೆ ಬಿಟ್ಟವರಿಗೆ ಇವತ್ತಿನ ಓಟ ಲೆಕ್ಕಕ್ಕಿಲ್ಲ" ಎಂದು ಮೇಷ್ಟ್ರು ಗುಡುಗಿದರು. "ಸರಿಯಾದ ದಾರೀಲಿ ಬಂದೋನು ಒಬ್ಬನಾದ್ರೂ ಇದ್ರೆ ಹೇಳಿ. ಎಷ್ಟೊತ್ತಿಗೆ ಬಂದರೂ ಬೆಳ್ಳಿ ಲೋಟ ಅವನದೇ."

ಕ್ಲಾನ್ಸಿ ಹಣೆ ಚಚ್ಚಿಕೊಂಡ. "ಇದ್ದಾನೆ ಮೇಷ್ಟ್ರೇ! ಡೆನಿ ಟೂಮಿ! ಅವನು ನಮಗಿಂತ ಮೊದಲೇ ಮುಖ್ಯ ರಸ್ತೇಲಿ ಹೋದ!"

ನಮ್ಮ ಬ್ರೀಡಾ ಕೂಗಿದ ಕೂಗು ನನಗೆ ಇವತ್ತಿಗೂ ಕೇಳಿಸುತ್ತದೆ. ಬ್ಯಾಂಡಿನವರು ತುತ್ತೂರಿ ಎತ್ತಿಕೊಂಡರು. ಮೇಷ್ಟ್ರು ಲೋಟವನ್ನು ತೋಳಿಗೆ ಒರೆಸಿಕೊಂಡು ನಿಂತರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಸೈಕಲ್ ಕಾಣಿಸಿತು.

ಅದರ ಮೇಲೆ ಕೂತಿದ್ದವನು ನೆತ್ತಿಯಿಂದ ಬೂಟಿನವರೆಗೆ ಬಾಣಲೆಯ ತಳದ ಹಾಗೆ ಕಪ್ಪಗಿದ್ದ. ಹಲ್ಲು ಮಾತ್ರ ಬೆಳ್ಳಗೆ. ತುತ್ತೂರಿಗಳು ಒಂದೊಂದಾಗಿ ಕೆಳಗಿಳಿದವು.

"ಇವತ್ತಿನ ಓಟ ರದ್ದು" ಎಂದು ಮೇಷ್ಟ್ರು ಲೋಟವನ್ನು ಚೀಲಕ್ಕೆ ಹಾಕಿಕೊಂಡರು.

ಬ್ರೀಡಾ ಮುಂದೆ ಬಂದಳು. "ಅಷ್ಟು ಮುಂದಿದ್ದೋನು ನೀನು. ಸೇತುವೆ ಹತ್ರ ಸುಮ್ನೆ ಕೂತಿದ್ದೆ ಅಂತ ಜೆರ್ ಈಗ ಹೇಳ್ದ. ಯಾಕೆ ಡೆನಿ?"

ನಿಜ ಹೇಳಬೇಕೆಂದರೆ, ಮುಂದಿದ್ದದ್ದು ತಾನು ಗಳಿಸಿದ್ದಲ್ಲ, ಕೇಳಿ ಪಡೆದದ್ದು ಎನ್ನಬೇಕು. ಬೆಳಿಗ್ಗೆ ಚರ್ಚಿನ ಮೂಲೆಯಲ್ಲಿ ಅತ್ತ ಅವಳ ಮುಖ ಡೆನಿಯ ಕಣ್ಣಮುಂದೆ ಬಂತು.

"ಪಂಕ್ಚರ್" ಎಂದ.

ಅವಳು ಕ್ಲಾನ್ಸಿಯತ್ತ ತಿರುಗಿದಳು. ಕ್ಲಾನ್ಸಿ ಒಳ್ಳೆಯವನು. "ಹೌದಮ್ಮ, ಅವನ ತಪ್ಪೇನೂ ಇಲ್ಲ. ಪಂಕ್ಚರೇ" ಎಂದ.

"ಅಂದ್ರೆ ಕೈ ಕೊಟ್ಟಿದ್ದು ಈ ಸೈಕಲ್ಲು!" ಬ್ರೀಡಾ ನೀಲಿ ಸೈಕಲ್ಲನ್ನು ಕೊಲೆಗಾರನನ್ನು ನೋಡುವಂತೆ ನೋಡಿದಳು. "ನಾಲ್ಕು ವರ್ಷದಿಂದ ನಿನ್ನನ್ನ ಹಿಂದೆ ಎಳೀತಿದ್ದದ್ದು ಇದೇ. ನಾನು ಸುಮ್ನೆ ನಿನ್ನನ್ನ ಬೈದೆ. ಇನ್ನು ಇದನ್ನ ಮುಟ್ಟಿದ್ರೆ ನೋಡು. ಮನೆಗೆ ಹೋದ ತಕ್ಷಣ ಕೋಳಿಗೂಡಿಗೆ! ಎಲ್ಲಿ, ತೂತು ಎಲ್ಲಾಗಿದೆ, ಮನೇಲಿ ತೋರ್ಸು ನನಗೆ."

ಲಾರಿಯಲ್ಲಿ ಮರಳುವಾಗ ಊರಿನವರೆಲ್ಲ ಡೆನಿಯ ಬೆನ್ನು ತಟ್ಟಿ ಹಾಡುತ್ತಿದ್ದರು. ಬ್ರೀಡಾ ಅವನ ಕರಿ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಡೆನಿ ಮೆಲ್ಲಗೆ ಬಗ್ಗಿ ಟೈರುಗಳನ್ನು ಒತ್ತಿ ನೋಡಿದ. ಎರಡೂ ಕಲ್ಲಿನಂತಿದ್ದವು.

"ಥೇಡಿ" ಎಂದ ಪಿಸುದನಿಯಲ್ಲಿ, "ನಿನ್ನ ಕೋಟಿಗೆ ಚುಚ್ಚಿರೋ ಸೂಜಿ ಒಂದು ಕೊಡ್ತೀಯಾ?"

"ಯಾಕೋ, ಮುಳ್ಳು ಚುಚ್ಚಿತಾ?"

"ಹ್ಞೂಂ" ಎಂದು ಡೆನಿ ಸೂಜಿ ಇಸಿದುಕೊಂಡು ಮುಂದಿನ ಚಕ್ರದ ಮೇಲೆ ಕೈಯಿಟ್ಟ. ಹಾಡಿನ ಗದ್ದಲದಲ್ಲಿ ಆ ಸಣ್ಣ ಸದ್ದು ಅವನೊಬ್ಬನಿಗೇ ಕೇಳಿಸಿತು.