ಹಾಯಿ ಹಡಗಿನಲ್ಲಿ ಖೋಲಿ ಹಿಡಿದದ್ದು

ಕಟ್ಟಿಕೊಂಡ ಹೆಂಡತಿಯೊಡನೆ ನಾಲ್ಕು ಮಾತನಾಡಲು ಜಾಗ ಹುಡುಕುವುದೇ ಒಂದು ಉದ್ಯೋಗವಾಗಿದ್ದ ಕಾಲವಿತ್ತು ಎಂದರೆ ಇಂದಿನವರು ನಂಬುವುದಿಲ್ಲ. ಗೋಕಾಕದ ನಮ್ಮ ಮನೆ ದೊಡ್ಡದೇ. ಆದರೆ ಪಡಸಾಲೆಯಲ್ಲಿ ಹಿರಿಯರು, ಅಡುಗೆಮನೆಯಲ್ಲಿ ಹೆಂಗಸರು, ಅಟ್ಟದ ಮೇಲೆ ಜೋಳದ ಚೀಲ, ಹಿತ್ತಲಲ್ಲಿ ಎಮ್ಮೆ. ಹುಕ್ಕೇರಿಯಿಂದ ಸೊಸೆಯಾಗಿ ಬಂದ ನೀಲವ್ವನಿಗೂ ನನಗೂ ಹಗಲು ಹೊತ್ತು ನಡೆಯುತ್ತಿದ್ದ ಸಂಭಾಷಣೆ ಎಂದರೆ, ಅವಳು ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುವುದು, ನಾನು ಕೆಮ್ಮುವುದು. ಬಳೆ ಎಂದರೆ ಊಟಕ್ಕೆ ಏಳಿ ಎಂದು. ಕೆಮ್ಮು ಎಂದರೆ ಬಂದೆ ಎಂದು. ಇಷ್ಟು ಭಾಷೆಯಲ್ಲೇ ಎರಡು ವರ್ಷ ಸಂಸಾರ ಸಾಗಿತ್ತು.

ಹೀಗಿರುವಾಗ ಒಂದು ದಿನ ನೀಲವ್ವನ ಸೋದರಮಾವ ಮೂಡಲಗಿಯಿಂದ ಬಂದಿಳಿದರು. ಹತ್ತಿಯ ವ್ಯಾಪಾರಿ, ವೆಂಗುರ್ಲೆ ಬಂದರದವರೆಗೂ ಅವರ ಗುರುತಿನವರಿದ್ದರು. ಅಲ್ಲಿಯ ಅವರ ಗೆಳೆಯರಾದ ಒಬ್ಬ ಸಾಹೇಬರು ತಮ್ಮ ಹಳೆಯ ಸರಕಿನ ಹಾಯಿ ಹಡಗಿನಲ್ಲಿ ಕೆಲವು ಖೋಲಿಗಳನ್ನು ಕಟ್ಟಿಸಿ, ದೀಪಾವಳಿ ಕಳೆದು ಸಮುದ್ರ ಶಾಂತವಾದ ಮೇಲೆ ಮೋಜಿಗೆಂದು ಬಂದವರನ್ನು ರತ್ನಾಗಿರಿಯವರೆಗೆ ಕರೆದೊಯ್ದು ಮರಳಿ ತರುತ್ತಿದ್ದರಂತೆ. "ನೀಲವ್ವ ಸಣ್ಣಾಕಿದ್ದಾಗ ಸಮುದ್ರ ತೋರಸ್ತೇನಿ ಅಂತ ಮಾತು ಕೊಟ್ಟೇನ್ರಿ. ಮಾಸ್ತರೂ ಬರಲಿ," ಎಂದು ಮಾವ ನನ್ನ ತಂದೆಯ ಮುಂದೆ ಕುಳಿತರು. ತಂದೆ ಬಹಳ ಹೊತ್ತು ಎಲೆಅಡಿಕೆ ಅಗಿದು, ತಮ್ಮ ತಂಗಿ ಗೌರವ್ವತ್ತಿಯೂ ಜೊತೆಗೆ ಹೋಗುವುದಾದರೆ ಅಡ್ಡಿಯಿಲ್ಲ ಎಂದರು. ಅತ್ತೆಗೆ ಸಮುದ್ರ ತೋರಿಸಬೇಕೆಂದಲ್ಲ. ನಮ್ಮಿಬ್ಬರನ್ನು ಅತ್ತೆಗೆ ತೋರಿಸುತ್ತಿರಬೇಕೆಂದು.

ನಾನು ಸಾಲೆಯಲ್ಲಿ ಭೂಗೋಳ ಹೇಳುವವನು. ಕರಿಹಲಗೆಯ ಮೇಲೆ ಅರಬ್ಬೀ ಸಮುದ್ರವನ್ನು ನನ್ನಷ್ಟು ಸಲ ಬರೆದು ಒರೆಸಿದವರು ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಕಣ್ಣಿಂದ ಮಾತ್ರ ಕಂಡಿರಲಿಲ್ಲ. ಆದರೂ ಹಡಗಿನಲ್ಲಿ ಯಾವ ಖೋಲಿ ಹಿಡಿಯಬೇಕೆಂಬುದನ್ನು ನನ್ನ ತಿಳುವಳಿಕೆಗೇ ಬಿಟ್ಟರು. ಅನುಭವಿಕರನ್ನು ಕೇಳೋಣವೆಂದು, ಮಳೆಗಾಲದಲ್ಲಿ ಘಟಪ್ರಭೆಯನ್ನು ದಾಟಿಸುವ ಅಂಬಿಗನ ಬಳಿ ಹೋಗಿ, ಮುಂದೆ ಕೂತರೆ ಒಳ್ಳೆಯದೋ ಹಿಂದೆ ಕೂತರೋ ಎಂದು ವಿಚಾರಿಸಿದೆ. ಅವನು ತನ್ನ ಹರಿಗೋಲನ್ನೇ ನೋಡುತ್ತ ನಿಂತ. ಬುಟ್ಟಿಯಂತೆ ದುಂಡಗಿರುವ ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು? "ನಡುವ ಕುಂಡರ್ರಿ ಮಾಸ್ತರ, ಸುಮ್ಮನ ಕುಂಡರ್ರಿ," ಎಂದ. ಅಷ್ಟಕ್ಕೇ ಸಾಕುಮಾಡಿ ಬಂದೆ.

ಬೆಳಗಾವಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಮೋಟಾರು. ವೆಂಗುರ್ಲೆಯ ಧಕ್ಕೆಯಲ್ಲಿ ಸಮುದ್ರ ಕಂಡಾಗ ನೀಲವ್ವ ತಲೆಯ ಮೇಲಿನ ಸೆರಗನ್ನು ಮರೆತು ನಿಂತಳು. ಅತ್ತೆ, "ಇಷ್ಟೊಂದು ನೀರು, ಕುಡಿಯಾಕ ಒಂದ ತಂಬಿಗಿ ಬರೂದಿಲ್ಲಂತ," ಎಂದು ಮರುಗಿದಳು. ನಾನು, ಇದೇ ಅರಬ್ಬೀ ಸಮುದ್ರ, ಎಂದು ಗುರುತು ಮಾಡಿಕೊಟ್ಟೆ.

ಹಡಗು ನಡೆಸುವ ತಾಂಡೇಲ ನಗುಮುಖದವನು. ಮೊದಲು ಬಂದವರು ನಾವೇ ಆದ್ದರಿಂದ ಬೇಕಾದ ಖೋಲಿ ಆರಿಸಿಕೊಳ್ಳಿರೆಂದು ಮರಾಠಿಯಲ್ಲಿ ಹೇಳಿದ. ಮುಂದೊಂದು, ನಡುವೊಂದು, ಹಿಂದೊಂದು. ಒಂದೊಂದರಲ್ಲೂ ಇಬ್ಬರು ಮಲಗಬಹುದು. ಮುಂದಿನದಕ್ಕೆ ದುಂಡನೆಯ ಕಿಟಕಿ, ಬೆಳಕು, ಗಾಳಿ. ನಡುವಿನದು ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ, ಕತ್ತಲು. ಹಿಂದಿನದು ಅಡುಗೆಯ ಒಲೆಗೆ ಅಂಟಿಕೊಂಡಿತ್ತು. ಒಣಮೀನಿನ ವಾಸನೆ ನಮಗಿಂತ ಮೊದಲೇ ಅಲ್ಲಿ ಬಿಡಾರ ಹೂಡಿತ್ತು.

ಮಾವ ಒಂದೇ ಮಾತಿಗೆ ಮುಗಿಸಿದರು: "ಹೆಣ್ಮಕ್ಕಳು ಒಂದ ಖೋಲಿ, ನಾವಿಬ್ಬರು ಒಂದ ಖೋಲಿ. ಯಾವ್ಯಾವು ಹಿಡಿಯೋಣು, ಮಾಸ್ತರ?"

ಅಷ್ಟು ದೂರ ಬಂದು ಮಾವನ ಗೊರಕೆಯ ಪಕ್ಕದಲ್ಲಿ ಮಲಗುವುದೇ? ಹಾಗೆಂದು ಹೆಂಡತಿಯೊಡನೆ ಇರುತ್ತೇನೆ ಎಂದು ಹಿರಿಯರೆದುರು ಬಾಯಿಬಿಟ್ಟು ಹೇಳುವುದುಂಟೇ? ಗಾಳಿಯ ದಿಕ್ಕು, ಭಾರದ ಸಮತೋಲ ಎಂದೆಲ್ಲ ತೊದಲುತ್ತ, ಮೂರು ಖೋಲಿಗಳನ್ನೂ ಹಿಡಿದರೆ ಹಡಗಿಗೇ ಕ್ಷೇಮ ಎನ್ನುವವರೆಗೆ ಬಂದೆ. ತಾಂಡೇಲನಿಗೆ ನನ್ನ ಭಾಷೆ ಬಾರದಿದ್ದುದು ಪುಣ್ಯ. ಆಗ ಅತ್ತೆ ಗಂಟನ್ನು ಎತ್ತಿಕೊಂಡು ನಡುವಿನ ಖೋಲಿಯ ಹೊಸ್ತಿಲ ಮೇಲಿಟ್ಟಳು.

"ನನಗ ಲಿಂಗಪೂಜಿಗೆ ಒಂದ ಖೋಲಿ ಬೇಕಪಾ. ಜೋಡಿ ಯಾರೂ ಬ್ಯಾಡ. ಕಿಡಕಿ ಇಲ್ಲದ್ದ ಚಲೋ, ನೀರು ಕಂಡರ ತಲಿ ತಿರಗತೈತಿ."

ಹಾಗೆನ್ನುವಾಗ ಅವಳು ನನ್ನ ಕಡೆಗಾಗಲಿ ನೀಲವ್ವನ ಕಡೆಗಾಗಲಿ ನೋಡಲಿಲ್ಲ. ಮಾವ ಅವಳನ್ನು ನೋಡಿ, "ಹಂಗಾರ ನಾ ಹಿಂದ ಇರ್ತೇನಿ. ಒಲಿ ಬಾಜೂಕ ಚಹಾ ಬಿಸೀದು ಸಿಗತೈತಿ," ಎಂದು ಮೂಗು ಮುಚ್ಚಿಕೊಂಡೇ ಒಳಗೆ ಹೋದರು. ಅವರಿಬ್ಬರ ಋಣ ಇಂದಿಗೂ ತೀರಿಲ್ಲ.

ಹಡಗು ಹಾಯಿ ಬಿಚ್ಚಿತು. ನಾನು ಮುಂದಿನ ಖೋಲಿಯ ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡು ವರ್ಷಗಳಿಂದ ಕೂಡಿಟ್ಟ ಮಾತುಗಳಲ್ಲಿ ಮೊದಲಿನದನ್ನು ಆರಿಸುತ್ತಿದ್ದೆ. ಅಷ್ಟರಲ್ಲಿ ಹಡಗಿನ ಮೂತಿ ಮೇಲೆದ್ದಿತು, ಆಮೇಲೆ ಕೆಳಗಿಳಿಯಿತು. ನನ್ನ ಹೊಟ್ಟೆ ಮಾತ್ರ ಇಳಿಯದೆ ಮೇಲೆಯೇ ಉಳಿಯಿತು. ಇನ್ನೆರಡು ಸಲ ಹೀಗಾಗುವಷ್ಟರಲ್ಲಿ ನಾನು ಮಾತಿನ ಬದಲು ತಂಬಿಗೆ ಕೇಳುವ ಸ್ಥಿತಿಗೆ ಬಂದಿದ್ದೆ. ನೀಲವ್ವ ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದು ಕೂವೆಮರದ ಬುಡದಲ್ಲಿ ಮಲಗಿಸಿದಳು. ಅಲ್ಲಿಂದ ಎದ್ದು ಖೋಲಿಗೆ ಹೋಗಲು ಆ ಪ್ರಯಾಣದಲ್ಲಿ ನನ್ನಿಂದ ಆಗಲೇ ಇಲ್ಲ. ನಾನು ಬಯಲಲ್ಲಿ, ಕಿಟಕಿಯ ಖೋಲಿಯಲ್ಲಿ ಅವಳು.

ಮರುದಿನ ಬೆಳಿಗ್ಗೆ ಲಿಂಬೆಹಣ್ಣು ಹಿಡಿದು ಬಂದವಳ ಮುಖ ನೋಡಿ ನನಗೆ ಮರುಕವಾಯಿತು. "ಒಬ್ಬಾಕಿನ ಅಂಜಿದ್ಯೇನು?" ಎಂದೆ.

ಅವಳು ಕುಳಿತು ಹಣ್ಣು ಹಿಂಡುತ್ತ ಹೇಳಿದಳು: "ಇಲ್ರಿ. ಹುಟ್ಟಿದಾಗಿಂದ ಒಂದ ಖೋಲಿಯೊಳಗ ಒಬ್ಬಾಕಿನ ಮಲಗಿದ್ದಿಲ್ಲ. ಕಾಲು ಚಾಚಿದೆ. ಒಬ್ಬಾಕಿನ ಹಾಡು ಹೇಳಿಕೊಂಡೆ. ಬೆಳಕ ಹರಿಯೂ ಮುಂದ ನೀರು ಮದಲ ಬೂದಿಬಣ್ಣ ಇತ್ತು, ಆಮ್ಯಾಲ ಹಸರಾತು. ಯಾರೂ ಏಳ ಅನಲಿಲ್ಲ."

ಅವಳಿಗೆ ಹಾಡು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಅಂದು ಹಗಲೆಲ್ಲ ಅವಳು ಮಾತನಾಡಿದಳು. ಹುಕ್ಕೇರಿಯ ಮನೆ, ಸತ್ತುಹೋದ ತಂಗಿ, ನಾನು ಊಟದಲ್ಲಿ ಉಪ್ಪು ಕಡಿಮೆಯಾದರೂ ಹೇಳದೆ ಏಳುವುದು, ಎಲ್ಲ. ನಾನು ಮಲಗಿ ಕೇಳಿದೆ. ಬಾಯಿ ತೆರೆದರೆ ಅಪಾಯವಾದ್ದರಿಂದ ನನ್ನಂಥ ಒಳ್ಳೆಯ ಕೇಳುಗ ಅವಳಿಗೆ ಆಮೇಲೆ ಎಂದೂ ಸಿಗಲಿಲ್ಲ. ಅತ್ತೆ ತನ್ನ ಕತ್ತಲ ಖೋಲಿಯಿಂದ ಊಟದ ಹೊತ್ತಿಗೆ ಮಾತ್ರ ಹೊರಬರುತ್ತಿದ್ದಳು.

ಖೋಲಿ ಸಿಗದೆ ಹೊರಗೇ ಮಲಗಿ ಬಂದಿದ್ದವರಲ್ಲಿ ಕೆಲವರು ರತ್ನಾಗಿರಿಯಲ್ಲಿ ಇಳಿದು ಹೊಸಬರು ಹತ್ತಿದರು. ಮರಳುವ ದಾರಿಗೆ ಖೋಲಿ ಬದಲಿಸುವುದಿದ್ದರೆ ಈಗಲೇ ಹೇಳಿ ಎಂದ ತಾಂಡೇಲ. ಮಾವ ರೂಢಿಯಂತೆ ನನ್ನ ಕಡೆ ತಿರುಗಿದರು. "ಹೆಂಗ್ರಿ ಮಾಸ್ತರ?"

ನಡುವಿನ ಖೋಲಿಯಾದರೆ ಅಷ್ಟಾಗಿ ಕುಲುಕುವುದಿಲ್ಲ, ಅತ್ತೆಯೊಡನೆ ಬದಲಾಯಿಸಿಕೊಂಡರೆ ನಾವಿಬ್ಬರೂ ಒಳಗಿರಬಹುದು ಎಂದು ನಾನು ಲೆಕ್ಕ ಹಾಕಿಯೇ ಇದ್ದೆ. ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಮೆಲ್ಲಗೆ ಅಂದಳು; ಹಿರಿಯರೆದುರು ಅವಳಾಡಿದ್ದರಲ್ಲಿ ನಾನು ಕೇಳಿದ ಮೊದಲ ಮಾತು ಅದು: "ಅದ ಮುಂದಿನ ಖೋಲಿನ ಇರಲಿ ಮಾವಾ. ಇವರಿಗೆ ಹೊರಗಿನ ಗಾಳಿ ಭಾಳ ಚಲೋ ಹಿಡಿಸೈತಿ."

ಎಲ್ಲರೂ ನನ್ನನ್ನು ನೋಡಿದರು. ಹೌದು, ಸಮುದ್ರದ ಗಾಳಿಯಲ್ಲಿ ಅಯೋಡಿನ್ ಇರುತ್ತದೆ, ಎಂದು ನಾನು ವಿವರಿಸಿದೆ.