ನಿಂತ ಬಸ್ಸಿನ ಯಜಮಾನಿ

ನಮ್ಮ ಅತ್ತೆಗೆ ಹುಚ್ಚು ಎಂದು ಶಿಡ್ಲಘಟ್ಟದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಬೇರೆ ಅತ್ತೆಯಂದಿರು ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡರೆ, ನಮ್ಮ ಅತ್ತೆ ಸ್ಪ್ಯಾನರು ಸಿಕ್ಕಿಸಿಕೊಳ್ಳುತ್ತಿದ್ದರು!

ನನ್ನನ್ನು ನೋಡಲು ಬಂದ ದಿನವೇ ನಮ್ಮವರಿಗೆ ಇದು ಹೊಳೆಯಬೇಕಿತ್ತು. ಚಿಂತಾಮಣಿ ಹತ್ತಿರದ ನಮ್ಮ ಹಳ್ಳಿಗೆ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ಕಾಫಿ ಮುಗಿಸಿದರು. ಇನ್ನೇನು, ಹಾಡು ಬರುತ್ತಾ, ಹೆಣಿಗೆ ಬರುತ್ತಾ ಎಂದು ಕೇಳುತ್ತಾರೆಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ನಟ್ಟು ಬಿಚ್ಚಕ್ಕೆ ಬರುತ್ತೇನಮ್ಮಾ?”

ಕಿವಿ ಮಂದವಾಗಿದ್ದ ನಮ್ಮಜ್ಜಿಗೆ ಅದು ‘ನತ್ತು’ ಎಂದು ಕೇಳಿಸಿತು. “ಅಯ್ಯೋ ದೇವುಡಾ! ಇನ್ನೂ ತಾಳಿ ಕಟ್ಟಿಲ್ಲ, ಈಗ್ಲೇ ಮೂಗಿನ ನತ್ತು ಬಿಚ್ಚು ಅಂತಾರಲ್ಲೇ! ಇವ್ರು ಹೆಣ್ಣು ನೋಡಕ್ಕೆ ಬಂದವ್ರೋ, ದರೋಡೆಗೆ ಬಂದವ್ರೋ?” ಎಂದು ಎದ್ದು ನಿಂತೇಬಿಟ್ಟರು. ಅವರನ್ನು ಸಮಾಧಾನ ಮಾಡಿ ಕೂರಿಸುವಷ್ಟರಲ್ಲಿ ಎಲ್ಲರಿಗೂ ಎರಡನೇ ಸಲ ಕಾಫಿ ಕೊಡಬೇಕಾಯಿತು. ಆ ಗಲಾಟೆಯ ನಡುವೆ ನಾನು ಮೆಲ್ಲಗೆ, “ಬಾವಿ ರಾಟೆಯದು ಒಂದ್ಸಲ ಬಿಚ್ಚಿದ್ದೆ” ಎಂದೆ. ಅಲ್ಲಿಗೆ ಮದುವೆ ನಿಶ್ಚಯವಾಯಿತು! ಹುಡುಗನಿಗೆ ನಾನು ಒಪ್ಪಿಗೆಯೋ ಅಲ್ಲವೋ, ಯಾರೂ ಕೇಳಿದ ನೆನಪಿಲ್ಲ.

ಗಂಡನ ಮನೆಯ ಹೊಸ್ತಿಲಲ್ಲಿ ಅಕ್ಕಿ ಸೇರು ಒದ್ದು ಒಳಗೆ ಬಂದೆನಲ್ಲ, ಅತ್ತೆ ನನ್ನ ಕೈ ಹಿಡಿದು ದೇವರ ಮನೆಯನ್ನೂ ದಾಟಿಸಿಕೊಂಡು ಸೀದಾ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಒಂದು ಬಸ್ಸು ನಿಂತಿತ್ತು.

ಅದು ಮಾವನವರ ಬಸ್ಸು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಬೆನ್ನಿಗೆ ಒಲೆಯಂಥ ದೊಡ್ಡ ಡಬ್ಬ ಕಟ್ಟಿಕೊಂಡು, ಇದ್ದಿಲು ಉರಿಸಿ ಚಿಕ್ಕಬಳ್ಳಾಪುರಕ್ಕೂ ಚಿಂತಾಮಣಿಗೂ ಓಡಾಡುತ್ತಿತ್ತಂತೆ. ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರಂತೆ. ಯುದ್ಧ ಮುಗಿದು ಪೆಟ್ರೋಲು ಬರುವಷ್ಟರಲ್ಲಿ ಬಸ್ಸಿನ ಉಸಿರು ಮುಗಿದಿತ್ತು. ಮಾವ ಹಿಪ್ಪುನೇರಳೆ ತೋಟ ನೋಡಿಕೊಂಡು ಸುಮ್ಮನಾದರು. ಅತ್ತೆ ಸುಮ್ಮನಾಗಲಿಲ್ಲ.

ನಾನು ನೋಡುವ ಹೊತ್ತಿಗೆ ಆ ಬಸ್ಸಿನ ಪ್ರತಿ ಕಿಟಕಿಯಲ್ಲೂ ಸಾಲು ಸಾಲಾಗಿ ಬಾಟಲಿಗಳು ತೂಗುತ್ತಿದ್ದವು. ಸೋಡಾ ಬಾಟಲಿ, ಔಷಧಿ ಬಾಟಲಿ, ಅತ್ತರಿನ ಪುಟ್ಟ ಬುಡ್ಡಿ. ಒಂದರಲ್ಲಿ ಅರಿಶಿನದ ನೀರು, ಒಂದರಲ್ಲಿ ಕುಂಕುಮದ ನೀರು, ಇನ್ನೊಂದರಲ್ಲಿ ಬಟ್ಟೆಗೆ ಹಾಕುವ ನೀಲಿ. ಮೂಲೆ ಸೇರಿದ್ದ, ರೇಷ್ಮೆ ನೂಲು ತೆಗೆಯುವ ಹಳೇ ರಾಟೆಗಳು ಬಸ್ಸಿನ ನೆತ್ತಿಯ ಮೇಲಿದ್ದವು. ಸ್ಟೇರಿಂಗು ತಿರುಗಿಸಿದರೆ ಹಗ್ಗ ಎಳೆದು ರಾಟೆಗಳು ತಿರುಗುತ್ತಿದ್ದವು. ಅವಕ್ಕೆ ಕಟ್ಟಿದ್ದ ತೂತು ಡಬ್ಬಗಳಿಂದ ನೀರು ತೊಟ್ಟಿಕ್ಕಿ ಕೆಳಗಿನ ತಟ್ಟೆ, ತಪ್ಪಲೆ, ಹೆಡ್‌ಲೈಟಿನ ಬುರುಡೆಗಳ ಮೇಲೆ ಬೀಳುತ್ತಿತ್ತು. ಒಂದೊಂದರದೂ ಒಂದೊಂದು ದನಿ. ಬೆಳಗಿನ ಬಿಸಿಲು ಬಾಟಲಿಗಳನ್ನು ಹಾದು ಒಳಗೆ ಬಂದರೆ, ಸೀಟಿನ ಮೇಲೆ ಕೂತವರ ಮೂಗು ಹಳದಿ, ಕಿವಿ ಕೆಂಪು!

ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: “ಇದು ಯಾತಕ್ಕಮ್ಮಾ?”

“ನಿಮ್ಮನೆ ಬಾಗಿಲ ಮುಂದೆ ರಂಗೋಲಿ ಹಾಕ್ತೀರಲ್ಲ, ಅದು ಯಾತಕ್ಕೆ? ಬೇಯಿಸ್ಕೊಂಡು ತಿನ್ನಕ್ಕಾ?” ಎನ್ನುತ್ತಿದ್ದರು ಅತ್ತೆ.

ಕಲೆ ಎಂಬ ಮಾತು ನಮ್ಮ ಮನೆಯಲ್ಲಿ ಬಟ್ಟೆಯ ಮೇಲಿನ ಕಲೆಗೆ ಮಾತ್ರ ಬಳಕೆಯಲ್ಲಿತ್ತು. ಈಗ ದೊಡ್ಡ ಊರುಗಳಲ್ಲಿ ಇಂಥವನ್ನು ಬಿಳಿ ಗೋಡೆಯ ಕೋಣೆಯಲ್ಲಿಟ್ಟು, ‘ಮುಟ್ಟಬೇಡಿ’ ಎಂದು ಬರೆದಿರುತ್ತಾರಂತೆ. ಅತ್ತೆಯದು ತಿರುಗುಮುರುಗು. ಮುಟ್ಟದೆ, ತಿರುಗಿಸದೆ, ಅಲ್ಲಾಡಿಸದೆ ಹೋದವರಿಗೆ ಅವರು ಕಾಫಿಯನ್ನೇ ಕೊಡುತ್ತಿರಲಿಲ್ಲ.

ಅಡುಗೆಮನೆಯ ಕಷ್ಟ ನನ್ನದು. ಒಗ್ಗರಣೆ ಹಾಕಿ ಸೌಟಿಗೆ ಕೈ ಚಾಚಿದರೆ ಸೌಟಿಲ್ಲ. ಜರಡಿ ಇಲ್ಲ. ಎಲ್ಲ ಬಸ್ಸು ಹತ್ತಿರುತ್ತಿದ್ದವು. ನನ್ನವರ ಸೈಕಲ್ ಬೆಲ್ಲು ಹೋಯಿತು. ಅವರು ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಲು ಬಸ್ ನಿಲ್ದಾಣದವರೆಗೆ ಬಾಯಲ್ಲೇ ‘ಟ್ರಿಣ್ ಟ್ರಿಣ್’ ಎನ್ನುತ್ತ ಸೈಕಲ್ ತುಳಿಯಬೇಕಾಯಿತು. ಮಾವನ ಕ್ಷೌರದ ಕನ್ನಡಿಯೂ ಹೋಯಿತು. ಅವರು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಸ್ಸಿನೊಳಗೆ ಹೋಗಿ, ಅಲ್ಲಿ ತೂಗುತ್ತಿದ್ದ ಕನ್ನಡಿಯ ಮುಂದೆ ನಿಂತು, ಅದು ತಿರುಗಿದ ಕಡೆಗೆಲ್ಲ ತಾವೂ ತಿರುಗುತ್ತ ಗಡ್ಡ ಹೆರೆದುಕೊಂಡು ಬಂದರು. “ನಾನೂ ಒಂದು ಗಂಟೆ ಅಲ್ಲಾಡದೆ ಕೂತ್ರೆ, ನನ್ನನ್ನೂ ಎತ್ಕೊಂಡೋಗಿ ಅಲ್ಲಿ ನೇತು ಹಾಕ್ತಾಳೆ ಕಣಮ್ಮ. ಅದಕ್ಕೇ ದಿನಾ ತೋಟಕ್ಕೆ ಹೋಗೋದು” ಎಂದರು ನನಗೆ.

ಬಸ್ಸು ಓಡುತ್ತಿದ್ದ ಕಾಲದಿಂದಲೂ ಅದರ ರಿಪೇರಿ ನೋಡಿಕೊಂಡಿದ್ದ ಸಾಬರೊಬ್ಬರು ಆಗಾಗ ಬರುತ್ತಿದ್ದರು. ಗಾಡಿಯನ್ನು ಮತ್ತೆ ಎಬ್ಬಿಸಬಹುದೆಂಬ ಆಸೆ ಅವರದು. ಬಂದಾಗಲೆಲ್ಲ ಇನ್ನೊಂದಿಷ್ಟು ಭಾಗ ಕಳಚಿರುತ್ತಿತ್ತು.

“ಅರೆ ಅಮ್ಮಾ, ಇಂಜಿನ್ನಿನ ಪೈಪು ಬಿಚ್ಚಿ ಕೊಳಲು ಮಾಡಿದೀರಲ್ಲ! ಇನ್ನು ಗಾಡಿ ಓಡೋದು ಹ್ಯಾಗೆ?”

“ಓಡೋ ಗಾಡಿ ಊರ ತುಂಬಾ ಐತೆ ಬಿಡಿ ಸಾಬ್ರೇ. ನಿಂತ್ಕೊಂಡೇ ಕೆಲಸ ಮಾಡೋ ಗಾಡಿ ಎಲ್ಲೈತೆ, ತೋರ್ಸಿ ನೋಡೋಣ!”

ಸಾಬರು ನಿಟ್ಟುಸಿರಿಟ್ಟು, ಟೋಪಿ ತೆಗೆದಿಟ್ಟು, ಪೈಪಿನ ಬಾಯಿಯನ್ನು ಅರದಿಂದ ಉಜ್ಜಿ ಸರಿಮಾಡಿಕೊಟ್ಟರು. ಗಾಳಿ ಬಂದಾಗ ಅದು ಮೊದಲಿಗಿಂತ ಚೆನ್ನಾಗಿ ಊದಿತು.

ಅದು ಪಾನನಿರೋಧದ ಕಾಲ. ಇಷ್ಟೊಂದು ಬಾಟಲಿ ಕಂಡವರಾರೋ ಹೋಗಿ ಚಾಡಿ ಹೇಳಿದರು. ಒಂದು ಮಧ್ಯಾಹ್ನ ಖಾಕಿ ಧರಿಸಿದ ಅಧಿಕಾರಿಯೊಬ್ಬರು ಬಂದೇ ಬಂದರು. ಅತ್ತೆ ಅವರನ್ನು ನೆಂಟರಂತೆ ಬಸ್ಸಿಗೆ ಹತ್ತಿಸಿದರು. ಅವರು ಒಂದೊಂದೇ ಬಾಟಲಿಯ ಬಿರಡೆ ತೆಗೆದು ಮೂಸಿದರು. ಅರಿಶಿನ. ಕುಂಕುಮ. ನೀಲಿ. ನಾಲ್ಕನೆಯದು ಬ್ರಾಂದಿಯಂತೆಯೇ ಹೊಂಬಣ್ಣಕ್ಕಿತ್ತು. ಸಿಕ್ಕಿತು ಎಂಬಂತೆ ಅದನ್ನು ಎತ್ತಿ ಮನಸಾರೆ ಉಸಿರೆಳೆದುಕೊಂಡರು. ಅದು ರೇಷ್ಮೆ ಗೂಡು ಬೇಯಿಸಿದ ನೀರು! ಸತ್ತ ಹುಳುವಿನ ಆ ನಾತ ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರಿಗೇ ಕಷ್ಟ. ಅಧಿಕಾರಿ ಸೀಟಿಗೆ ಕುಸಿದರು. ಕಣ್ಣಲ್ಲಿ ನೀರು.

“ಇದನ್ನ ಕುಡಿದೋನು ಬದುಕಿದ್ರೆ ತಾನೇ ನಾನು ಅವನನ್ನ ಹಿಡಿಯೋದು!” ಎಂದರು, ಮೂಗು ಮುಚ್ಚಿಕೊಂಡೇ.

ಆದರೆ ಅವರು ತಕ್ಷಣ ಹೊರಡಲಿಲ್ಲ. ಅತ್ತೆ ಸ್ಟೇರಿಂಗು ತಿರುಗಿಸಿದರು. ನೀರು ತೊಟ್ಟಿಕ್ಕತೊಡಗಿತು. ಆ ಮನುಷ್ಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು. ಏನು ಕೇಳಿಸಿಕೊಂಡರೋ! ಇದು ಯಾತಕ್ಕೆ ಎಂದು ಕೇಳದೆ ಹೋದ ಮೊದಲ ಗಂಡಸು ಅವರು.

ಹೀಗೆ ನಗುತ್ತ ನಗುತ್ತ ವರ್ಷಗಳು ಹೋದವು. ನನ್ನ ಹೊಟ್ಟೆಯಲ್ಲಿ ನಿಂತಿದ್ದ ಮಗು ಐದು ತಿಂಗಳಿಗೇ ಹೋಯಿತು. ಮತ್ತೆ ನಿಲ್ಲಲಿಲ್ಲ. ಕೈವಾರಕ್ಕೆ ಹರಕೆ ಹೊತ್ತುಕೊಳ್ಳಲಿ ಎಂದರು ಕೆಲವರು, ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ಎಂದರು ಕೆಲವರು. ಅತ್ತೆ ಎಲ್ಲರಿಗೂ “ಆಗ್ಲಿ” ಎನ್ನುತ್ತಿದ್ದರು. ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಏನೂ ಕೇಳಲೂ ಇಲ್ಲ.

ಹಿಂದಿನ ಬೀದಿಯ ಒಂದು ಮನೆಯಲ್ಲಿ ನಾಮಕರಣವಿತ್ತು. ಮಗುವನ್ನು ಹೆಂಗಸರು ಕೈಯಿಂದ ಕೈಗೆ ದಾಟಿಸಿ ತೊಟ್ಟಿಲಿಗೆ ಹಾಕುವಾಗ ನಾನೂ ಕೈ ಚಾಚಿದೆ. “ನೀನು ಬೇಡ ಕಣಮ್ಮ, ಆ ಕಡೆ ಕೂತ್ಕೋ” ಎಂದರು ಮನೆಯಾಕೆ. ಮೆಲ್ಲಗೇ ಎಂದರು. ಆದರೂ ಎಲ್ಲರಿಗೂ ಕೇಳಿಸಿತು.

ಅತ್ತೆ ತಮ್ಮ ಕೈಯಲ್ಲಿದ್ದ ತಾಂಬೂಲವನ್ನು ತಟ್ಟೆಗೆ ವಾಪಸು ಇಟ್ಟರು. ಕೋಪ ಬಂದರೆ ಅವರ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು. “ಪದಮ್ಮಾ, ಇಂಟಿಕಿ ಪೋದಾಂ” ಎಂದರು. ನಡೆಯಮ್ಮ, ಮನೆಗೆ ಹೋಗೋಣ.

ಮನೆಗೆ ಬಂದವರೇ ಬಸ್ಸು ಹತ್ತಿ, ಹಿಂದಿನ ಸಾಲುಗಳಲ್ಲಿ ವರ್ಷಗಳಿಂದ ಕಟ್ಟಿದ್ದ ತಮ್ಮ ಬಾಟಲಿ, ಬಿಲ್ಲೆ, ಕೊಳವೆಗಳನ್ನೆಲ್ಲ ಬಿಚ್ಚಿ ಕೆಳಗಿಳಿಸಿದರು. ಆ ಅರ್ಧ ಬಸ್ಸು ಬರಿದಾಯಿತು.

“ಈ ಕಡೆ ಪೂರ್ತಿ ನಿಂದು. ಏನಾದ್ರೂ ಮಾಡು.”

“ನಂಗೇನು ಮಾಡಕ್ಕೆ ಬರುತ್ತೆ ಅತ್ತೆ?”

“ಬರದೇ ಇರೋದನ್ನೇ ಮಾಡು. ಬರೋದನ್ನ ದಿನಾ ಮಾಡ್ತಾನೇ ಇದೀಯಲ್ಲ.”

ಅವರು ಡ್ರೈವರಿನ ಕಡೆಗೆ ಹೋಗಿ, ನನಗೆ ಬೆನ್ನು ಹಾಕಿ, ಒಂದು ತಗಡನ್ನು ಮುಂದಿಟ್ಟುಕೊಂಡು ಸುತ್ತಿಗೆಯಿಂದ ಬಡಿಯತೊಡಗಿದರು. ನಾನು ಮೂಲೆಯಲ್ಲಿದ್ದ ಬುಟ್ಟಿಯಿಂದ ತೂತುಬಿದ್ದ ರೇಷ್ಮೆ ಗೂಡುಗಳನ್ನು ಎತ್ತಿಕೊಂಡೆ. ಚಿಟ್ಟೆ ಕೊರೆದು ಹೊರಗೆ ಹೋದ ಮೇಲೆ ಉಳಿಯುವ, ನೂಲು ತೆಗೆಯಲು ಬಾರದ ಗೂಡುಗಳು. ಅವನ್ನು ಒಂದೊಂದಾಗಿ ದಾರಕ್ಕೆ ಪೋಣಿಸಿ ಕಿಟಕಿಗೆ ಇಳಿಬಿಟ್ಟೆ. ಪೋಣಿಸುತ್ತ ಪೋಣಿಸುತ್ತ ಅಳು ಬಂತು. ಮಗು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ದನಿ ತೆಗೆದು, ಹಳ್ಳಿಯ ಹೆಂಗಸರು ಅಳುವ ಹಾಗೆ ಅತ್ತುಬಿಟ್ಟೆ.

ಸುತ್ತಿಗೆಯ ಸದ್ದು ಜೋರಾಯಿತು. ನಾನು ಬಿಕ್ಕುತ್ತ ನಿಲ್ಲಿಸಿದರೆ ಅದೂ ತಗ್ಗುತ್ತಿತ್ತು. ಮತ್ತೆ ಅತ್ತರೆ ಮತ್ತೆ ಜೋರು. ತೋಟದಿಂದ ಬಂದ ಮಾವ ಹಿತ್ತಲ ಬಾಗಿಲಲ್ಲಿ ನಿಂತು, “ಏನೇ ಅದು, ಅಕ್ಕಪಕ್ಕದವರ ಕಿವಿ ಹೋಗೋ ಹಂಗೆ?” ಎಂದರು. “ಸೊಸೆ ಕೆಲಸ ಮಾಡ್ತಾ ಅವ್ಳೆ. ಒಳಗೆ ಹೋಗಿ” ಎಂದರು ಅತ್ತೆ, ಕೈ ನಿಲ್ಲಿಸದೆ.

ಸಂಜೆಗೆ ನನ್ನ ಕಿಟಕಿಯ ತುಂಬ ಗೂಡುಗಳು ತೂಗಾಡುತ್ತಿದ್ದವು. ನನಗೂ ಹಗುರವಾಗಿತ್ತು. ಇಡೀ ಮಧ್ಯಾಹ್ನ ಅತ್ತೆ ಏನು ಮಾಡಿರಬಹುದೆಂದು ಹೋಗಿ ನೋಡಿದೆ. ಅವರ ಮುಂದೆ ಆ ತಗಡು ಬಿದ್ದಿತ್ತು. ಬಡಿದು ಬಡಿದು ಕಾಗದದಷ್ಟು ತೆಳ್ಳಗಾಗಿತ್ತು. ಹೂವಲ್ಲ, ಹಕ್ಕಿಯಲ್ಲ, ಅದಕ್ಕೆ ಯಾವ ಆಕಾರವೂ ಇರಲಿಲ್ಲ. ಅತ್ತೆಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

“ಇದೇನತ್ತೆ?” ಎಂದೆ.

“ಅದಾ?” ಎಂದು ಅವರು ತಗಡನ್ನು ಸೆರಗಿನ ಮರೆಗೆ ಎಳೆದುಕೊಂಡರು. “ಅದೇನೂ ಅಲ್ಲ ಕಣಮ್ಮ. ಬರೀ ಸದ್ದು.”